ಅಂಗಳದಾಚೆಯ ಹೆರಿಗೆ ಕೇಂದ್ರ

ಈ ಕಥೆಯನ್ನು ಇಬ್ಬರಿಂದ ಕೇಳಿ ಬರೆದುಕೊಂಡಿದ್ದೇನೆ. ಒಬ್ಬನು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಐತ. ಘಟನೆಯ ದಿನ ಅವನು ಕಡೆಕೇರಿಯ ಹೊಳೆದಂಡೆಯಲ್ಲಿ ಒಂದು ದೋಣಿಗೆ ಹಲಗೆ ಜೋಡಿಸುತ್ತಿದ್ದನಾದ್ದರಿಂದ ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದಾನೆ. ಇನ್ನೊಬ್ಬರು ಅದೇ ಕಡೆಕೇರಿಯ ದೊಡ್ಡಮನೆಯ ಸರಸಕ್ಕ. ಅವರು ಯಜಮಾನ ಚಂದಯ್ಯ ಹೆಗ್ಡೆಯವರ ಒಡಹುಟ್ಟಿದ ತಂಗಿ. ಕಂಡದ್ದೆಲ್ಲವನ್ನೂ ಚಾವಡಿಯ ಒಳಗಿನಿಂದ ಕಂಡವರು. ಇಬ್ಬರ ಮಾತು ಬೇರೆಯಾಗುವ ಕಡೆ ಹಾಗೆಂದು ಹೇಳಿದ್ದೇನೆ. ಉಳಿದೆಡೆ ಇಬ್ಬರದೂ ಒಂದೇ ಮಾತೆಂದು ತಿಳಿಯಬೇಕು.

ಕಡೆಕೇರಿ ಹಂಗಾರಕಟ್ಟೆಯಿಂದ ಹೊಳೆಯ ಮೇಲುಗಡೆಗೆ ಒಂದೂವರೆ ಮೈಲಿ. ನೀರಿನ ಅಂಚಿಗೆ ಮೀನುಗಾರರ ಇಪ್ಪತ್ತೆರಡು ಮನೆಗಳು, ಅವುಗಳ ಹಿಂದೆ ತೆಂಗಿನ ಹಿತ್ತಿಲು, ಹಿತ್ತಿಲು ದಾಟಿದರೆ ಏರಿನ ಮೇಲೆ ಹೆಗ್ಡೆಯವರ ದೊಡ್ಡಮನೆ. ದಂಡೆಯಲ್ಲಿ ನಿಂತು ಗಟ್ಟಿಯಾಗಿ ಕರೆದರೆ ಚಾವಡಿಗೆ ಕೇಳುತ್ತದೆ. ಈ ಕಥೆಯಲ್ಲಿ ಯಾರೂ ಅದಕ್ಕಿಂತ ಹೆಚ್ಚು ದೂರ ಹೋಗಬೇಕಾಗಿರಲಿಲ್ಲ.

ಜಿಲ್ಲೆಯು ಮದ್ರಾಸಿನ ಕೈಯಿಂದ ಮೈಸೂರಿನ ಕೈಗೆ ಬಂದು ನಾಲ್ಕೈದು ವರ್ಷವಾಗಿತ್ತು. ಅದರ ಬೆನ್ನಿಗೇ ಅಭಿವೃದ್ಧಿ ಬ್ಲಾಕು ಬಂತು, ಬ್ಲಾಕಿನ ಬೆನ್ನಿಗೆ ಜೀಪು ಬಂತು. ಊರಿನವರು ಸ್ಥಳ ಕೊಟ್ಟರೆ ಒಂದು ಹೆರಿಗೆ ಕೇಂದ್ರ, ಒಬ್ಬ ದಾದಿ, ಒಂದು ಕಪಾಟು ಔಷಧಿ ಸಿಗುತ್ತದೆಂದು ಜೀಪಿನವರು ಹೇಳಿದರು. ಚಂದಯ್ಯ ಹೆಗ್ಡೆಯವರು ತಡಮಾಡದೆ ಸ್ಥಳದಾನ ಮಾಡಿದರು. ಅವರ ದಾನಬುದ್ಧಿ ಆ ಸುತ್ತಿನಲ್ಲಿ ಪ್ರಸಿದ್ಧವಾದುದು. ತಮಗೆ ಉಪಯೋಗವಿರುವ ಯಾವುದನ್ನೂ ಅವರು ಇದುವರೆಗೆ ದಾನ ಮಾಡಿಲ್ಲವೆಂದು ಐತನೂ ಒಪ್ಪುತ್ತಾನೆ. ಕೊಟ್ಟ ಜಾಗ ದೊಡ್ಡಮನೆಯ ಹಿಂಬದಿಯ ಮುರಕಲ್ಲಿನ ಹಾಸು. ಮಳೆಗಾಲದಲ್ಲಿಯೂ ಅದರ ಮೇಲೆ ಹುಲ್ಲು ನಿಲ್ಲುತ್ತಿರಲಿಲ್ಲ. ಅದರ ಹಿಂದೆ ಎರಡಾಳು ಆಳದ ಹಳೆಯ ಕಲ್ಲುಕೋರೆ. ಎಡಕ್ಕೆ ನಾಗಬನ. ಬಲಕ್ಕೆ ಕೆರೆ. ಹೋಗುವ ದಾರಿ ಒಂದೇ: ಕೇರಿಯಿಂದ ಏರು ಹತ್ತಿ, ತಡಮೆ ದಾಟಿ, ದೊಡ್ಡಮನೆಯ ಅಂಗಳವನ್ನು ಉದ್ದಕ್ಕೆ ಹಾದು, ಅಂಗಳದ ತುದಿಯಲ್ಲಿರುವ ಹಾಯ್ಗುಳಿ ದೈವದ ಮನೆಯ ಬಾಗಿಲೆದುರು ನಡೆದು ಹೋಗಬೇಕು.

ಆ ಬಾಗಿಲೆದುರು ಅಮೆಯಿರುವವರು ಹಾಯಬಾರದು. ಅಮೆಯೆಂದರೆ ಹೆರಿಗೆಯ ಮೈಲಿಗೆ. ಅದು ಹೆತ್ತವಳಿಗುಂಟು, ಕೂಸಿಗುಂಟು, ಅವಳನ್ನು ಮುಟ್ಟಿದವರಿಗುಂಟು, ಅವಳ ಮನೆಯವರಿಗುಂಟು, ತಾಯಿಯ ಕಡೆಯಿಂದ ಬರುವ ಬಳಿಯಲ್ಲಿ ಒಂದಾದ ಎಲ್ಲರಿಗೂ ಉಂಟು. ಹದಿನಾರು ದಿನ ಇರುತ್ತದೆ. ಹೆರಿಗೆ ಕೇಂದ್ರಕ್ಕೆ ಬರಬೇಕಾದವರ ಪಟ್ಟಿಯನ್ನೂ ಅದರ ದಾರಿಯಲ್ಲಿ ಬರಬಾರದವರ ಪಟ್ಟಿಯನ್ನೂ ಎದುರುಬದುರು ಇಟ್ಟುನೋಡಿದರೆ ಎರಡೂ ಒಂದೇ.

ಜಾಗ ಪರಿಶೀಲನೆಗೆ ಬಂದ ಅಧಿಕಾರಿಗಳು ಮೂವರು. ಅಂಗಳದಲ್ಲಿ ಸೀಯಾಳ ಕುಡಿದರು, ಚಾವಡಿಯಲ್ಲಿ ಉಂಡರು, ವೀಳ್ಯ ಹಾಕಿಕೊಂಡು ನಲವತ್ತು ಹೆಜ್ಜೆ ನಡೆದು ಕಲ್ಲುಹಾಸಿನ ಮೇಲೆ ನಿಂತರು, ‘ದಾರಿ ಸುಗಮ’ ಎಂದು ಬರೆದುಕೊಂಡು ಹೋದರು. ಅವರು ಸುಳ್ಳು ಬರೆಯಲಿಲ್ಲ. ಮೂವರಲ್ಲಿ ಯಾರೂ ಹೆತ್ತವರಾಗಿರಲಿಲ್ಲ.

ಕೇರಿಯ ಹಿರಿಯನೊಬ್ಬ ಆ ದಿನವೇ ತಲೆ ಕೆರೆದುಕೊಂಡು, ಅಮೆಯವರು ಬರುವುದು ಹೇಗೆಂದು ಕೇಳಿದ್ದನಂತೆ. ಹೆಗ್ಡೆಯವರು ಕೊಟ್ಟ ಉತ್ತರವನ್ನು ಇಬ್ಬರೂ ಒಂದೇ ಶಬ್ದಗಳಲ್ಲಿ ಹೇಳುತ್ತಾರೆ: “ಆಸ್ಪತ್ರಿ ಸರ್ಕಾರದ್ದ್, ಅದ್ ಎಲ್ಲರಿಗೂ ಇತ್ತ್. ದಾರಿ ಮಾತ್ರ ನಮ್ದ್.”

“ಹೌದ್ ಒಡೆಯರೆ,” ಎಂದನಂತೆ ಹಿರಿಯ. ಹೊಳೆಯಲ್ಲಿ ಹುಟ್ಟು ಹಾಕುವುದಕ್ಕಿಂತ ಹೆಚ್ಚಾಗಿ ಆ ಕೇರಿಯ ಹಿರಿಯರಿಗೆ ಹೌದೆನ್ನುವುದು ಅಭ್ಯಾಸವಾಗಿತ್ತು.

ಕಟ್ಟಡ ಎದ್ದಿತು. ದಾನಿಗಳ ಹೆಸರು ಕೆತ್ತಿದ ಕಲ್ಲು ಬಾಗಿಲಿಗಿಂತ ಅಗಲವಾಗಿದ್ದುದರಿಂದ ಅದನ್ನು ಪಕ್ಕದ ಗೋಡೆಗೆ ಕೂಡಿಸಬೇಕಾಯಿತು. ದಾದಿಯಾಗಿ ಬಂದವರು ಬಸ್ರೂರು ಕಡೆಯ ಕುಸುಮಾವತಿ. ಮೂವತ್ತರ ಒಳಗಿನವರು, ಕೆಲಸ ಬಲ್ಲವರು. ಕೇರಿಯ ಹೆಂಗಸರು ಅವರ ಬಳಿಗೆ ಹೋಗಲಾರರೆಂದು ಅವರೇ ಕೇರಿಗೆ ಇಳಿದು ಮನೆಮನೆಯಲ್ಲಿ ಹೆರಿಗೆ ಮಾಡಿಸತೊಡಗಿದರು. ಆದರೆ ಹೆರಿಗೆ ಮಾಡಿಸಿದ ಕೈ ಅಮೆಯ ಕೈ. ಅವರು ತಮ್ಮದೇ ಕೇಂದ್ರಕ್ಕೆ ಹಿಂದಿರುಗುವ ದಾರಿ ಹಾಯ್ಗುಳಿಯ ಬಾಗಿಲೆದುರಿನದು. ದೊಡ್ಡಮನೆಯವರು ಉದಾರ ಮನಸ್ಸಿನಿಂದ ಅವರಿಗೆ ಹದಿನಾರು ದಿನವನ್ನು ಮೂರಕ್ಕೆ ಇಳಿಸಿದರು: ಒಂದೊಂದು ಹೆರಿಗೆಯಾದ ಮೇಲೆ ಮೂರು ದಿನ ಕೇರಿಯ ಬಲೆಕೊಟ್ಟಿಗೆಯಲ್ಲಿ ಮಲಗುವುದು, ನಾಲ್ಕನೆಯ ದಿನ ಮಿಂದು, ಭಟ್ಟರಿಂದ ಶುದ್ಧದ ನೀರು ತಳಿಸಿಕೊಂಡು ಒಳಗೆ ಬರುವುದು. ತಿಂಗಳಿಗೆ ನಾಲ್ಕು ಹೆರಿಗೆಯಾದರೆ ಹನ್ನೆರಡು ದಿನ ದಾದಿ ಹೊರಗೆ, ಔಷಧಿ ಒಳಗೆ. ಬೇಕಾದ ಔಷಧಿಯನ್ನು ಮೊದಲೇ ಚೀಲದಲ್ಲಿ ಒಯ್ಯಬಹುದಿತ್ತಲ್ಲ ಎಂದರೆ, ರಕ್ತ ನಿಲ್ಲಿಸುವ ಸೂಜಿಮದ್ದನ್ನು ಎರಡಕ್ಕಿಂತ ಹೆಚ್ಚು ಹೊರಗೊಯ್ಯಬಾರದು, ಉಳಿದುದು ಕಪಾಟಿನಲ್ಲೇ ಇರಬೇಕು ಎಂದು ಬ್ಲಾಕಿನ ಆಜ್ಞೆ. ದೈವದ ನಿಯಮಕ್ಕೂ ಸರಕಾರದ ನಿಯಮಕ್ಕೂ ಇಷ್ಟು ಹೊಂದಾಣಿಕೆ ನಾನು ಬೇರೆಲ್ಲಿಯೂ ಕಂಡಿಲ್ಲ.

ಕುಸುಮಾವತಿ ಎರಡಕ್ಕೂ ಒಪ್ಪಿದರು. ಹೀಗೆ ಒಂದು ವರ್ಷ ನಡೆಯಿತು. ಯಾರೂ ಸಾಯಲಿಲ್ಲವಾದ್ದರಿಂದ ಏರ್ಪಾಡು ಚೆನ್ನಾಗಿದೆಯೆಂದು ಎಲ್ಲರೂ ತಿಳಿದರು.

ಅರವತ್ತಮೂರರ ಸುಗ್ಗಿಯಲ್ಲಿ ಹಾಯ್ಗುಳಿಯ ವಾರ್ಷಿಕ ಕೋಲಕ್ಕೆ ಒಂದು ದಿನ ಉಳಿದಿರುವಾಗ ಪದ್ದುವಿನ ಸೊಸೆ ವನಜಳಿಗೆ ಹೆರಿಗೆಯಾಯಿತು. ಪದ್ದು ವಿಧವೆ, ತಲೆಯ ಮೇಲೆ ಬುಟ್ಟಿ ಹೊತ್ತು ಇಪ್ಪತ್ತು ವರ್ಷದಿಂದ ದೊಡ್ಡಮನೆಯ ಹಿಂಬಾಗಿಲಿಗೆ ಮೀನು ಕೊಡುತ್ತಿದ್ದವಳು. ಅಮೆ ಸೂತಕದ ವಿಷಯದಲ್ಲಿ ಕೇರಿಯಲ್ಲಿ ಅವಳಷ್ಟು ಕಟ್ಟುನಿಟ್ಟಿನವರಿರಲಿಲ್ಲ; ಹೆತ್ತು ಹನ್ನೆರಡನೆಯ ದಿನಕ್ಕೇ ತಡಮೆಯ ಕಡೆ ಮುಖಮಾಡಿದ ನೆರೆಮನೆಯವಳನ್ನು ಹಿಂದಿನ ವರ್ಷ ಬೈದು ಹಿಂದಕ್ಕೆ ಕಳಿಸಿದವಳು ಅವಳೇ. ಅವಳ ಒಬ್ಬನೇ ಮಗ ಕುಷ್ಟ, ಕುಷ್ಟನ ಹೆಂಡತಿ ವನಜ. ಹತ್ತೊಂಬತ್ತು ವರ್ಷ, ಚೊಚ್ಚಿಲ ಹೆರಿಗೆ.

ಬೆಳಗ್ಗೆ ಹತ್ತರ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಕೂಸು ಅತ್ತಿತು, ಕಸವೂ ಬಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ಕುಸುಮಾವತಿ ಎರಡು ದಿನದ ಹಿಂದೆ ಅದೇ ಕೇರಿಯಲ್ಲಿ ಇನ್ನೊಂದು ಕಷ್ಟದ ಹೆರಿಗೆ ಮಾಡಿಸಿ, ಚೀಲದ ಎರಡೂ ಸೂಜಿಮದ್ದನ್ನು ಅಲ್ಲಿ ಮುಗಿಸಿ, ಬಲೆಕೊಟ್ಟಿಗೆಯಲ್ಲಿ ಮೂರನೆಯ ದಿನ ಕಳೆಯುತ್ತಿದ್ದವರು ಹಾಗೆಯೇ ಎದ್ದುಬಂದಿದ್ದರು. ಅವರು ಬಾಣಂತಿಯ ಕಿಬ್ಬೊಟ್ಟೆಯನ್ನು ಒಂದು ಕೈಯಿಂದ ಗಟ್ಟಿಯಾಗಿ ಒತ್ತಿಹಿಡಿದು ಕುಳಿತರು.

“ಪದ್ದಕ್ಕ, ನನ್ ಚೀಲದಗೆ ಮದ್ದಿಲ್ಲೆ,” ಎಂದರು. “ನಾನ್ ಕೈ ತೆಗೂಕೆ ಆತಿಲ್ಲೆ. ಕಪಾಟಿನ್ ಅಡಿಯಗೆ ಒಂದ್ ತಗಡಿನ್ ಪೆಟ್ಟಿ ಇತ್ತ್. ಅದನ್ನ್ ಯಾರಾರೂ ತಕಂಡ್ ಬರ್ಕ್.”

“ಉಡ್ಪಿಗೆ ಕರ್ಕಂಡ್ ಹೋಪುಕೆ ಆತ್ತಾ?”

“ದೋಣಿ, ಕಡವು, ಬಸ್ಸ್. ಮೂರ್ ಗಂಟಿ ಬೇಕ್. ಅಷ್ಟೊತ್ತ್ ತಡೂದಿಲ್ಲೆ.”

“ಎಷ್ಟೊತ್ತ್ ತಡೀತ್ತ್?”

“ಮದ್ಯಾನದ್ ತನ್ಕ ತಡೂದ್ ಕಷ್ಟ,” ಎಂದರು ಕುಸುಮಾವತಿ.

ಪದ್ದು ಮಗನನ್ನು ಅಟ್ಟಿದಳು. ಕುಷ್ಟ ಓಡಿಹೋಗಿ ತಡಮೆಯ ಈಚೆಗೆ ನಿಂತ. ತಡಮೆಯೆಂದರೆ ಮೊಣಕಾಲೆತ್ತರದ ಎರಡು ಮರದ ಅಡ್ಡೆಗಳು; ದನ ದಾಟದಿರಲೆಂದು ಮಾಡಿದ್ದು. ಕುಷ್ಟ ಅದನ್ನು ದಾಟಲಿಲ್ಲ. ಬೈರಾಸವನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು “ಒಡೆಯರೆ” ಎಂದು ಕರೆದ. ಎಂಟು ಸಲ ಕರೆದನೆಂದು ಐತ ಹೇಳುತ್ತಾನೆ. ನಾಲ್ಕು ಸಲವೆಂದು ಸರಸಕ್ಕ. ಹೊರಗೆ ಬಂದವನು ಸರಸಕ್ಕನ ಮಗ, ಹೆಗ್ಡೆಯವರ ಅಳಿಯ ರತ್ನಾಕರ. ಮರುದಿನದ ಕೋಲದಲ್ಲಿ ದೈವದ ಕತ್ತಿ ಹಿಡಿದು ನಿಲ್ಲಬೇಕಾದವನು, ಅದಕ್ಕಾಗಿ ಹಿಂದಿನ ದಿನದಿಂದ ಒಪ್ಪೊತ್ತಿನ ಊಟದಲ್ಲಿ ಮಡಿಯಾಗಿದ್ದವನು.

“ಎಂತದಾ ಕುಷ್ಟ?”

“ಹೆರ್ಗೆ ಆಯ್ತ್ ಸಣ್ಣೊಡೆಯರೆ. ನೆತ್ರ್ ನಿಂತಿಲ್ಲೆ. ನರ್ಸಮ್ಮ ಆಸ್ಪತ್ರಿ ಪೆಟ್ಟಿ ಬೇಕ್ ಅಂದ್ರ್.”

“ಗಂಡಾ ಹೆಣ್ಣಾ?”

“ಹೆಣ್ಣ್.”

“ಹಂಗಾರೆ ನಿಂಗೂ ಅಮೆ ಬಂತ್. ಸ್ವಲ್ಪ ಆಚಿಗೆ ಸರ್ಕಂಡ್ ನಿಲ್ಲ್, ಕಾಂಬ,” ಎಂದು ರತ್ನಾಕರ ಒಳಗೆ ಹೋದ.

ಚಾವಡಿಯಲ್ಲಿ ವಿಚಾರ ಆರಂಭವಾಯಿತು. ಪೆಟ್ಟಿಗೆ ತರಬಲ್ಲ ಅಮೆಯಿಲ್ಲದವರು ಯಾರು? ದೊಡ್ಡಮನೆಯ ಗಂಡಸರು ವ್ರತದಲ್ಲಿರುವವರು. ಪೆಟ್ಟಿಗೆ ಹೆರಿಗೆಯ ಕೈ ತಾಗಿದ ಪೆಟ್ಟಿಗೆ. ಮನೆಯ ಹೆಂಗಸರೆಲ್ಲ ಮಿಂದು ಕೋಲದ ಅಡಿಗೆಗೆ ಅಕ್ಕಿ ಆರಿಸುತ್ತಿರುವವರು. ಕೆಲಸದಾಳುಗಳು ಹಿಂಗಾರ, ಎಳೆಗರಿ ತರಲು ಹೋದವರು. ಕೇರಿಯ ಇಪ್ಪತ್ತೆರಡು ಮನೆಗಳಲ್ಲಿ ಹದಿನೇಳು ಪದ್ದುವಿನ ಬಳಿಗೋ ವನಜಳ ಬಳಿಗೋ ಸೇರಿದವು. ಉಳಿದ ಐದು ಮನೆಗಳ ಗಂಡಸರು ಕಡಲಿನಲ್ಲಿ, ಹೆಂಗಸರು ಬಾಣಂತಿಯ ಕೈಕಾಲು ಹಿಡಿದು ಕುಳಿತು ಆಗಲೇ ಮುಟ್ಟಿದವರು. ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದ ಐತ ಪರವೂರಿನವನಾದರೂ ವನಜಳ ತಾಯಿಯ ತಮ್ಮ, ಅವನಿಗೂ ಅಮೆ. ಇಷ್ಟನ್ನು ಒಂದೊಂದಾಗಿ, ಮನೆಮನೆಯಾಗಿ, ಸಾವಧಾನದಿಂದ ನೋಡಿದರು. ಯಾರಿಗೆ ಯಾರು ಬಳಿಯೆಂಬ ಒಂದು ಚರ್ಚೆಯಲ್ಲಿ ಎರಡು ತಲೆಮಾರು ಹಿಂದಕ್ಕೆ ಹೋಗಿಬಂದರೆಂದು ಸರಸಕ್ಕನೇ ಅಭಿಮಾನದಿಂದ ಹೇಳುತ್ತಾರೆ. ಆ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಹತ್ತು ಸಲ ತಂದು ಹತ್ತು ಸಲ ಹಿಂದಕ್ಕಿಡಬಹುದಿತ್ತು.

ಕೊನೆಗೆ ಹೆಗ್ಡೆಯವರು ತೀರ್ಮಾನ ಕೊಟ್ಟರು.

“ಭಟ್ರ್ ಬರ್ಲಿ. ಶುದ್ಧದ್ ನೀರ್ ತಳ್ದ್ರೆ ಕುಷ್ಟನೇ ಹೋಯಿ ತಕಂಬರ್ಲಿ. ನಾವ್ ಬೇಡ ಅಂದಿತಿಲ್ಲೆ.”

ಭಟ್ಟರು ಬ್ರಹ್ಮಾವರದಲ್ಲಿದ್ದರು, ಮರುದಿನದ ಸಿದ್ಧತೆಗಾಗಿ ಎರಡು ಗಂಟೆಯ ಬಸ್ಸಿಗೆ ಬರುವವರಿದ್ದರು.

ಕುಷ್ಟ ಸಮಾಧಾನದಿಂದ ಹಿಂದಿರುಗಿದ. ಇದನ್ನು ಐತ ಹೇಳುವಾಗ ಕೆಳಗೆ ಉಗುಳುತ್ತಾನೆ. ಒಡೆಯರು ಬೇಡವೆನ್ನಲಿಲ್ಲವೆಂಬುದೇ ಆ ಗಂಡನಿಗೆ ಸಾಕಾಗಿತ್ತು.

“ಎಂತ ಅಂದ್ರಾ?” ಎಂದಳು ಪದ್ದು.

“ಎರ್ಡ್ ಗಂಟಿಗೆ ಭಟ್ರ್ ಬತ್ರಂಬ್ರ್.”

“ಯಾಕೆ? ಹೆಣದ್ ಬೊಜ್ಜ ಮಾಡೂಕಾ?”

ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಒಳಗೆ ವನಜ ಚಳಿಯೆನ್ನುತ್ತಿದ್ದಳು. ಹೊರಗೆ ಬಿಸಿಲು ಮರಳನ್ನು ಸುಡುತ್ತಿತ್ತು. ಪದ್ದು ಸೊಸೆಯ ಪಾದ ಮುಟ್ಟಿ ನೋಡಿದಳು, ಎದ್ದಳು.

“ನರ್ಸಮ್ಮ, ಕೀ ಎಲ್ಲಿತ್ತ್?”

“ನನ್ ಸೆರ್ಗಿನ್ ತುದಿಯಗೆ. ಬಿಚ್ಚ್ಕಣಿ. ಪದ್ದಕ್ಕ, ಪೆಟ್ಟಿಯಗೆ ಗಾಜಿನ್ ಸಣ್ ಸಣ್ ಕುಪ್ಪಿ ಇತ್ತ್. ಓದೂಕೆ ಬೇಡ. ಇಡೀ ಪೆಟ್ಟಿ ತನ್ನಿ.”

ಪದ್ದು ಬೀಗದ ಕೈಯನ್ನು ಬಾಯಲ್ಲಿ ಕಚ್ಚಿಕೊಂಡು ಮೀನಿನ ಬುಟ್ಟಿಯನ್ನು ತಲೆಗೇರಿಸಿದಳು. ಅವಳ ಎರಡೂ ಕೈ ಮೊಣಕೈವರೆಗೆ ರಕ್ತವಾಗಿತ್ತು. ಬೇಕೆಂದೇ ತೊಳೆದುಕೊಳ್ಳಲಿಲ್ಲವೆಂದು ಐತ ಹೇಳುತ್ತಾನೆ. ಗಾಬರಿಯಲ್ಲಿ ಮರೆತಳೆಂದು ಸರಸಕ್ಕ. ಪದ್ದುವನ್ನು ಬಲ್ಲವರು ಅವಳು ಏನನ್ನೂ ಮರೆಯುವವಳಲ್ಲವೆನ್ನುತ್ತಾರೆ. ಬಾಗಿಲಲ್ಲಿದ್ದ ಹೆಂಗಸೊಬ್ಬಳು ತಡೆದಳು.

“ಪದ್ದಕ್ಕ, ಬೇಡ. ಹಾಯ್ಗುಳಿ ಕಾಣ್ತ್.”

“ಕಾಣ್ಲಿ. ಅದ್ರ್ ಹತ್ರ ನಾನ್ ಆಮೇಲ್ ಮಾತಾಡ್ತೆ,” ಎಂದಳು ಪದ್ದು, ಕಚ್ಚಿದ ಬೀಗದ ಕೈಯ ಸಂದಿನಿಂದಲೇ.

ಅವಳು ಏರು ಹತ್ತುವುದನ್ನು ಕಂಡು ರತ್ನಾಕರ ಇಬ್ಬರು ನೆಂಟರನ್ನು ಕರೆದುಕೊಂಡು ತಡಮೆಯ ಬಳಿಗೆ ಬಂದ. ಮೂವರ ಕೈಯಲ್ಲೂ ನಾಗರಬೆತ್ತ. ಹೆಗ್ಡೆಯವರು ಚಾವಡಿಯ ಮೆಟ್ಟಿಲಿನಲ್ಲಿ ನಿಂತರು.

“ಏ ಪದ್ದು, ಅಲ್ಲೇ ನಿಲ್ಲ್.”

ಪದ್ದು ತಡಮೆ ದಾಟಿದಳು. ಬೀಗದ ಕೈಯನ್ನು ಬಾಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಿಂತ್ರೆ ಎಂತ ಕೊಡ್ತ್ರಿ ಸಣ್ಣೊಡೆಯರೆ?”

“ಹಾಯ್ಗುಳಿ ಬಾಗ್ಲ್ ಅದ್. ನಿಂಗೆ ಅಮೆ ಇತ್ತ್.”

“ಇತ್ತ್. ಕಾಣಿ,” ಎಂದು ಪದ್ದು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು. “ಇದ್ ಬಂಗ್ಡಿ ನೆತ್ರ್ ಅಲ್ಲ. ನಾನ್ ಮುದ್ಕಿ, ನೀವ್ ಮೂರ್ ಜನ ಗಂಡ್ಸ್ರ್. ರಟ್ಟಿ ಹಿಡ್ದ್ ನಿಲ್ಸಿ, ನಿಲ್ತೆ. ಬನ್ನಿ, ಯಾರ್ ಹಿಡೀತ್ರಿ?”

ಯಾರೂ ಹಿಡಿಯಲಿಲ್ಲ. ಹಿಡಿದವನಿಗೆ ಅಮೆ, ಅಮೆ ತಾಗಿದವನು ಮರುದಿನ ದೈವದ ಮುಂದೆ ನಿಲ್ಲಲಾರ. ಕೋಲದಲ್ಲಿ ದೈವದ ವೇಷ ಕಟ್ಟುವ ಪಾಣಾರರಿಗೆ ವೀಳ್ಯ ಕೊಟ್ಟಾಗಿತ್ತು, ನೆಂಟರಿಗೆ ಹೇಳಿಕೆ ಹೋಗಿತ್ತು, ಬ್ಲಾಕಿನ ಅಧಿಕಾರಿಗಳೂ ಊಟಕ್ಕೆ ಬರುವವರಿದ್ದರು. ಅವಳನ್ನು ಹೊರಗಿಡಲು ಅವರು ಕಟ್ಟಿಕೊಂಡ ಮಡಿ ಅವಳ ಮೈಗೆ ಕೈಹಾಕದಂತೆ ಅವರನ್ನೇ ಕಟ್ಟಿಹಾಕಿತ್ತು. ಇಪ್ಪತ್ತು ವರ್ಷ ಆ ಮನೆಯ ಹಿಂಬಾಗಿಲಲ್ಲಿ ನಿಂತವಳಿಗೆ ಅದು ಅವರಿಗಿಂತ ಮೊದಲೇ ತಿಳಿದಿತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಬೆತ್ತದ ಮೂವರು ಒಂದು ಹೆಜ್ಜೆ ಹಿಂದಿಟ್ಟರು. ಹೀಗೆ ಅಂಗಳದ ನಡುವಿನವರೆಗೆ ಹೋಯಿತು.

ಆಗ ನೆಂಟರಲ್ಲೊಬ್ಬನಿಗೆ ಒಂದು ಸಂಶಯ ಬಂತು.

“ಮಾವ, ಬೆತ್ತದಗೆ ಹೊಡ್ದ್ರೆ ಮುಟ್ಟಿದಾಂಗೆ ಆತ್ತಾ?”

ಹೆಗ್ಡೆಯವರು ಮೆಟ್ಟಿಲಿನ ಮೇಲೆ ಯೋಚಿಸಿದರು. “ಬೆತ್ತ ಒಣ್ಗಿದ್ದಾ?” ಎಂದು ಕೇಳಿದರು.

“ಒಣ್ಗಿದ್ದೇ.”

“ಒಣ್ಗಿದ್ದಾದ್ರೆ ಅಡ್ಡಿಲ್ಲೆ ಅಂತ್ ಕಾಣ್ತ್. ಆದ್ರೆ ನೆತ್ರ್ ಹಸಿ ಅಲ್ದಾ? ಭಟ್ರ ಹತ್ರ ಕೇಣ್ಕ್.”

ಈ ಸೂಕ್ಷ್ಮ ತೀರ್ಮಾನವಾಗುವುದರೊಳಗೆ ಪದ್ದು ಹಾಯ್ಗುಳಿಯ ಬಾಗಿಲೆದುರು ಹಾದುಹೋದಳು. ಅಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ, ಕೈ ಮುಗಿಯಲಿಲ್ಲ. ಮೀನು ಕೊಡಲು ಹೋಗುವಾಗಿನ ನಡಿಗೆಯಲ್ಲೇ ಹೋದಳೆಂದು ಇಬ್ಬರೂ ಹೇಳುತ್ತಾರೆ. ಕೇಂದ್ರದ ಬೀಗ ತೆರೆದಳು. ಕಪಾಟಿನ ಅಡಿಯ ಪೆಟ್ಟಿಗೆಯನ್ನು ಬುಟ್ಟಿಗಿಟ್ಟಳು. ಯಾವುದು ಬೇಕಾದೀತೋ ಯಾರು ಬಲ್ಲರೆಂದು ಮೇಲಿನ ಹಂತದ ಹತ್ತಿ, ಬಟ್ಟೆ, ಕತ್ತರಿ, ಸೂಜಿ ಕುದಿಸುವ ಪಾತ್ರೆ, ಕೈಗೆ ಸಿಕ್ಕಿದ ಕುಪ್ಪಿಗಳು ಎಲ್ಲವನ್ನೂ ಅದರ ಮೇಲೆ ತುಂಬಿದಳು. ಸರಕಾರ ಕಡೆಕೇರಿಗೆ ಕೊಟ್ಟ ವೈದ್ಯಸೌಕರ್ಯವೆಲ್ಲ ಒಂದು ಮೀನಿನ ಬುಟ್ಟಿಯಲ್ಲಿ ಹಿಡಿಸಿತು.

ಅವಳು ಹಿಂದಿರುಗುವಾಗ ಹೆಗ್ಡೆಯವರು ಅಂಗಳಕ್ಕಿಳಿದು ದಾರಿಗಡ್ಡವಾಗಿ ನಿಂತಿದ್ದರು.

“ಪದ್ದು, ನೀನ್ ಇವತ್ ಮಾಡಿದ್ದ್ ನೆನಪಿಟ್ಕೋ.”

“ಇಟ್ಕಂತೆ ಒಡೆಯರೆ. ಈಗ ಸ್ವಲ್ಪ ಸರಿನಿ, ಬುಟ್ಟಿ ತಾಗ್ತ್.”

ಹೆಗ್ಡೆಯವರು ಸರಿದರು. ಸರಿದುದಷ್ಟೇ ಅಲ್ಲ, ಪಂಚೆಯ ಅಂಚನ್ನು ಮೊಣಕಾಲಿನವರೆಗೆ ಎತ್ತಿಹಿಡಿದುಕೊಂಡು ಸರಿದರು. ಅಣ್ಣನ ಬಗ್ಗೆ ಇದೊಂದನ್ನು ಹೇಳುವಾಗ ಸರಸಕ್ಕನಿಗೂ ನಗು ತಡೆಯಲಾಗುವುದಿಲ್ಲ.

ಕೇರಿಯಲ್ಲಿ ಕುಸುಮಾವತಿ ಒತ್ತಿಹಿಡಿದ ಕೈಯನ್ನು ತೆಗೆದಿರಲಿಲ್ಲ. ಸೂಜಿ ಕುದಿಸಲು ಬೇಕಾದಷ್ಟು ಹೊತ್ತನ್ನು ಕೂಡ ಪದ್ದುವಿಗೆ ಸಹಿಸಲಾಗಲಿಲ್ಲ. ಕುಸುಮಾವತಿಯವರು ಒತ್ತುವ ಕೈಯನ್ನು ನೆರೆಯವಳಿಗೆ ಒಪ್ಪಿಸಿ, ಗಾಜಿನ ಕುಪ್ಪಿಯ ಕತ್ತು ಮುರಿದು, ಮದ್ದೆಳೆದು ವನಜಳ ತೊಡೆಗೆ ಚುಚ್ಚಿದರು. ಮತ್ತೆ ಕಿಬ್ಬೊಟ್ಟೆಗೆ ಕೈಯಿಟ್ಟು ಕುಳಿತರು. ವನಜ ಕಣ್ಣು ಮುಚ್ಚಿದ್ದಳು, ತುಟಿ ಬಿಳಿಚಿತ್ತು.

“ನಿಂತಿತಾ?” ಎಂದಳು ಪದ್ದು.

“ತಡೀನಿ.”

ಸ್ವಲ್ಪ ಹೊತ್ತಿನ ಮೇಲೆ, “ನಿಂತಿತಾ ನರ್ಸಮ್ಮ?”

“ತಡೀನಿ ಪದ್ದಕ್ಕ.”

ಮೂರನೆಯ ಸಲ ಅವಳು ಕೇಳಲಿಲ್ಲ. ಕುಸುಮಾವತಿ ತಾವಾಗಿಯೇ ಅವಳ ಕೈಯನ್ನು ಎಳೆದು ವನಜಳ ಹೊಟ್ಟೆಯ ಮೇಲಿಟ್ಟರು. ಒಳಗೆ ತೆಂಗಿನಕಾಯಿಯಂತೆ ಗಟ್ಟಿಯಾದುದೊಂದು ಕೈಗೆ ಸಿಕ್ಕಿತು.

“ಗರ್ಭಕೋಶ ಬಿಗಿ ಹಿಡಿತ್. ಇನ್ ಹೆದ್ರುಕೆ ಇಲ್ಲೆ. ಬಿಸಿ ಗಂಜಿತಿಳಿ ಕೊಡಿ.”

ಪದ್ದು ಆಗ ಮಾತ್ರ ಹೊರಗೆ ಹೋಗಿ ಕೈ ತೊಳೆದಳು.

ದೊಡ್ಡಮನೆಯಲ್ಲಿ ನಡೆದುದನ್ನು ಸರಸಕ್ಕ ವಿವರವಾಗಿ ಹೇಳಿದ್ದಾರೆ. ಭಟ್ಟರು ಎರಡರ ಬಸ್ಸಿಗೆ ಸರಿಯಾಗಿ ಬಂದರು. ಅಂಗಳಕ್ಕೆ ಸೆಗಣಿನೀರು ಹಾಕಿಸಿ, ಒಂದು ತಂಬಿಗೆ ನೀರು ಮಂತ್ರಿಸಿ, ತಡಮೆಯಿಂದ ದೈವದ ಮನೆಯವರೆಗೆ ಮಾವಿನೆಲೆಯಿಂದ ತಳಿದರು. ಮೂರು ಗಂಟೆಗೆ ಮೊದಲೇ ಎಲ್ಲ ಶುದ್ಧವಾಯಿತು. ಮರುದಿನ ಕೋಲವೂ ಹೇಳಿದ ಹೊತ್ತಿಗೇ ನಡೆಯಿತು, ಅಧಿಕಾರಿಗಳೂ ಉಂಡರು. ಹಾಯ್ಗುಳಿಯು ಪದ್ದುವಿನ ವಿಷಯವನ್ನು ಎತ್ತಲೇ ಇಲ್ಲ. ಅಂದರೆ ಒಂದು ತಂಬಿಗೆ ನೀರು, ಒಂದು ಹಿಡಿ ಮಾವಿನೆಲೆ, ಮುಕ್ಕಾಲು ಗಂಟೆ: ವನಜಳ ಜೀವಕ್ಕೆ ಎದುರಾಗಿ ಆ ಮನೆಯವರು ತಕ್ಕಡಿಯಲ್ಲಿಟ್ಟದ್ದು ಇಷ್ಟು. ಸರಸಕ್ಕನಿಗೆ ನಾನು ಹೀಗೆ ಹೇಳಿದಾಗ ಅವರು ಬೇಸರಪಟ್ಟುಕೊಂಡರು. “ನಮ್ಗೂ ಕರುಣಿ ಇಲ್ದೆ ಅಲ್ಲ ಮಾರಾಯ್ರೆ. ಆದ್ರೆ ಮಾರನೆ ದಿನ ಕೋಲ ಅಲ್ದೆ?” ಎಂದರು.

ಪೆಟ್ಟಿಗೆಯನ್ನು ಮತ್ತೆ ಅಂಗಳದ ಮೂಲಕ ತರಕೂಡದೆಂದು ಹೆಗ್ಡೆಯವರು ಹೇಳಿಕಳಿಸಿದರು. ಕುಸುಮಾವತಿ ತರಲಿಲ್ಲ. ಸರಕಾರದ ಸೊತ್ತು ಬಲೆಕೊಟ್ಟಿಗೆಯಲ್ಲಿದೆಯೆಂದು ಬ್ಲಾಕಿಗೆ ಯಾರೋ ಅರ್ಜಿ ಬರೆದರು; ಬ್ಲಾಕಿನವರು ದಾದಿಯ ವಿವರಣೆ ಕೇಳಿದರು. ಅವರ ಉತ್ತರದ ನಕಲನ್ನು ಕಂಡಿದ್ದೇನೆ, ಒಂದೇ ವಾಕ್ಯ: ‘ಪೆಟ್ಟಿಗೆಯನ್ನು ಒಪ್ಪಿಸಲು ಸಿದ್ಧಳಿದ್ದೇನೆ, ಆದರೆ ಮುಟ್ಟಿ ತೆಗೆದುಕೊಳ್ಳುವವರು ಇಲ್ಲಿ ಯಾರೂ ಸಿಗುತ್ತಿಲ್ಲ.’ ಬ್ಲಾಕಿನವರೂ ಬರಲಿಲ್ಲ. ದಾದಿ ಬಲೆಕೊಟ್ಟಿಗೆಯಲ್ಲಿಯೇ ಉಳಿದರು. ವಂಡ್ಸೆಯಷ್ಟು ದೂರದಿಂದ ಕೇರಿಗೆ ತವರಿಗೆ ಬಂದ ಹುಡುಗಿಯರೂ ಅಲ್ಲಿಯೇ ಹೆತ್ತರು. ಕಾಗದದ ಮೇಲೆ ಕೇಂದ್ರ ಇಂದಿಗೂ ಹೆಗ್ಡೆಯವರ ಕಲ್ಲುಹಾಸಿನ ಮೇಲಿದೆ.

ದೊಡ್ಡಮನೆಯವರು ಒಂದು ತಿಂಗಳು ಪದ್ದುವಿನಿಂದ ಮೀನು ಕೊಳ್ಳಲಿಲ್ಲ. ಆಮೇಲೆ ಕೊಂಡರು, ಅಷ್ಟು ತಾಜಾ ಮೀನು ಬೇರೆಯವರಲ್ಲಿ ಸಿಗುತ್ತಿರಲಿಲ್ಲ.

ಇತ್ತೀಚೆಗೆ ದೊಡ್ಡಮನೆಯ ಕಡೆಯಿಂದ ಇನ್ನೊಂದು ಪಾಠ ಹೊರಟಿದೆ. ಅದರಲ್ಲಿ ಚಂದಯ್ಯ ಹೆಗ್ಡೆಯವರು ಬಾಣಂತಿಯ ಸುದ್ದಿ ಕೇಳಿದೊಡನೆ ಕಣ್ಣೀರು ತಂದುಕೊಂಡು, ದೈವದ ಅಪ್ಪಣೆ ಪಡೆದು, ಪದ್ದುವನ್ನು ತಾವೇ ಕರೆದು ಪೆಟ್ಟಿಗೆ ಕೊಟ್ಟು ಕಳಿಸುತ್ತಾರೆ. ಸಂಗ್ರಾಹಕನು ಕೇಳಿದುದನ್ನು ಬಿಡಬಾರದಾದ್ದರಿಂದ ಅದನ್ನೂ ಬರೆದುಕೊಂಡಿದ್ದೇನೆ. ಆ ಪಾಠವನ್ನು ಹೇಳಿದ ರತ್ನಾಕರನನ್ನು ಪೆಟ್ಟಿಗೆಯ ಬಣ್ಣ ಯಾವುದೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ವನಜ ಬದುಕಿದಳೆಂಬಲ್ಲಿ ಮಾತ್ರ ಯಾರ ಪಾಠದಲ್ಲೂ ಭೇದವಿಲ್ಲ. ಹೋದ ವರ್ಷ ಅವಳನ್ನು ಕಂಡಾಗ ಮನೆಯೆದುರು ಸಿಗಡಿ ಒಣಹಾಕುತ್ತಿದ್ದಳು. ಆ ದಿನ ನಿನಗೇನು ನೆನಪಿದೆಯೆಂದು ಕೇಳಿದೆ.

“ನಂಗೆ ಎಂತ ನೆನಪಿಲ್ಲೆ,” ಎಂದಳು. “ಕೈಕಾಲ್ ಎಲ್ಲ ತಣ್ಣಗೆ ಆತಿತ್ತ್. ಅತ್ತಿ ಎದ್ದ್ ಹೋದ್ರ್. ಇನ್ ಬತ್ತಿಲ್ಲೆ ಅಂತ್ ಮಾಡಿದೆ. ಬಂದ್ರ್.”